ಊದಿ ಸಾರ್, ಊದಿ

ಶನಿವಾರ ರಾತ್ರಿ ಹನ್ನೊಂದೂವರೆ. ಬೆಂಗಳೂರಿನ ಒಂದು ಫ್ಲೈಓವರ್ ಬುಡ.

“ಊದಿ ಸಾರ್.”

“ಊದಿದೆನಲ್ರೀ!”

“ಅದು ಬರ್ತ್‌ಡೇ ಮೇಣದಬತ್ತಿ ಆರಿಸೋ ಊದು. ಮಷೀನಿಗೆ ಶ್ವಾಸಕೋಶದ ತಳದ ಗಾಳಿ ಬೇಕು. ಉದ್ದಕ್ಕೆ ಊದಿ.”

“ಏಲಕ್ಕಿ ಅಗಿದಿದ್ದೀನಿ, ಈರುಳ್ಳಿ ತಿಂದಿದ್ದೀನಿ. ವಾಸನೆಯೇ ಬರಲ್ಲ ಬಿಡಿ.”

(ಕೇಳದೇ ಒಪ್ಪಿಕೊಳ್ಳುವ ಇಂಥವರಿಂದಲೇ ಇಲಾಖೆಯ ಕೆಲಸ ಅರ್ಧ ಹಗುರ.)

“ವಾಸನೆ ಹಿಡಿಯೋದು ನಮ್ಮ ಮೂಗು ಸಾರ್, ಇದಕ್ಕೆ ಮೂಗಿಲ್ಲ. ಒಳಗೆ ಪ್ಲಾಟಿನಂ ಇದೆ. ಆಲ್ಕೋಹಾಲ್ ತಾಗಿದ್ರೆ ಕರೆಂಟು ಹುಟ್ಟುತ್ತೆ. ಅದನ್ನ ಅಳೆಯುತ್ತೆ.”

“ಪ್ಲಾಟಿನಮ್ಮಾ! ಹೆಂಡತಿಗೆ ಬಂಗಾರವನ್ನೇ ಕೊಡಿಸಿಲ್ಲ ಕಣ್ರೀ. ಅಲ್ಲ, ಕುಡಿದದ್ದು ಹೊಟ್ಟೆಗೆ. ಉಸಿರಿಗೆ ಹೇಗೆ ಹೋಯ್ತು?”

“ಹೊಟ್ಟೆಯಿಂದ ರಕ್ತಕ್ಕೆ, ರಕ್ತದಿಂದ ಶ್ವಾಸಕೋಶಕ್ಕೆ. 2,100 ಮಿಲಿ ಉಸಿರಲ್ಲಿ ಇರೋದು ಒಂದು ಮಿಲಿ ರಕ್ತದಲ್ಲಿ ಇರೋಷ್ಟು ಅಂತ ಲೆಕ್ಕ.”

“ನಂದು ಬರೀ ಮೌತ್‌ವಾಶ್!”

“ಬಾಯಲ್ಲಿರೋದು ಹದಿನೈದು ನಿಮಿಷಕ್ಕೆ ಹೋಗುತ್ತೆ. ಕೂತ್ಕೊಳ್ಳಿ, ನನ್ನ ಡ್ಯೂಟಿ ಇನ್ನೂ ಮುಗಿದಿಲ್ಲ.”

ಹದಿನೈದು ನಿಮಿಷ. ಮತ್ತೆ ಊದು.

“84 ಸಾರ್.”

“ಪಿಯುಸಿಯಲ್ಲೂ ಇಷ್ಟು ಬಂದಿರಲಿಲ್ಲ!”

“ಇಲ್ಲಿ 30 ದಾಟಿದ್ರೆ ಫೇಲು. 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಸೆಕ್ಷನ್ 185. ಮೊದಲ ಸಲ ಅಂದ್ರೆ 10,000 ರೂಪಾಯಿ ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಇಲ್ಲ ಎರಡೂ.”

“ಇಲ್ಲೇ ಏನಾದ್ರೂ ನೋಡಿ...”

“ಕೋರ್ಟಲ್ಲಿ ನೋಡ್ತಾರೆ.”

“ಗಾಡಿ?”

“ಅದು ಪೆಟ್ರೋಲ್ ಬಿಟ್ಟು ಏನೂ ಕುಡಿದಿಲ್ಲ, ಪಾಪ. ಆದ್ರೂ ಠಾಣೆಗೆ. ನೀವು ಆಟೋದಲ್ಲಿ ಹೋಗಿ.”

“ಆಟೋದವನು ಡಬಲ್ ಕೇಳ್ತಿದಾನಲ್ರೀ! ಮೊದಲು ಅವನ ಹತ್ರ ಊದಿಸಿ!”