ಸೋಲುಶಾಸ್ತ್ರ ಪ್ರವೇಶಿಕೆ: ಕರ್ಟ್ ಹಾಕಿನ್ಸ್ ಎಂಬ ಜಟ್ಟಿಯ ಅರ್ಹತಾ ಮೀಮಾಂಸೆ

ಡಬ್ಲ್ಯುಡಬ್ಲ್ಯುಇ ಅಖಾಡದಲ್ಲಿ 2016ರ ನವೆಂಬರಿನಿಂದ 2019ರ ಏಪ್ರಿಲ್‌ವರೆಗೆ ಒಂದೇ ಸಮನೆ 269 ಪಂದ್ಯ ಸೋತ ಕರ್ಟ್ ಹಾಕಿನ್ಸ್ ಮಹಾಶಯನೇ ಪ್ರಸ್ತುತ ಅಧ್ಯಯನದ ವಸ್ತು. ಹೆಚ್ಚುಕಡಿಮೆ ಮೂರು ದಿನಕ್ಕೊಂದು ಸೋಲು. ನಮ್ಮ ಬಡಾವಣೆಯ ನಲ್ಲಿ ನೀರಿಗೂ ಇಷ್ಟು ನಿಯತ್ತಿಲ್ಲ.

ಈ ಕ್ಷೇತ್ರದಲ್ಲಿ ನಮ್ಮ ತಲೆಮಾರಿನವರ ಏಕೈಕ ಆಕರಗ್ರಂಥ ಜಟ್ಟಿಗಳ ಚಿತ್ರವಿದ್ದ ಟ್ರಂಪ್ ಕಾರ್ಡ್. ರ‍್ಯಾಂಕು, ಎತ್ತರ, ತೂಕ, ಎದೆ, ಬೈಸೆಪ್ಸು, ಗೆದ್ದ ಪಂದ್ಯ ಎಲ್ಲ ಅದರಲ್ಲುಂಟು. ಸೋತು ತೋರಿಸುವ ಸಾಮರ್ಥ್ಯಕ್ಕೆ ಮಾತ್ರ ಕಾಲಮ್ಮಿಲ್ಲ. ಕೊನೇ ಬೆಂಚಿನಲ್ಲಿ ಅದನ್ನು ವ್ಯಾಸಂಗ ಮಾಡಿ ಮೇಷ್ಟ್ರಿಂದ ಕಿವಿ ಹಿಂಡಿಸಿಕೊಂಡ ವಿದ್ವಾಂಸರಿಗೂ ಈ ಲೋಪ ಹೊಳೆಯದಿದ್ದುದು ಖೇದಕರ.

ಇನ್ನು ಪೂರ್ವಪಕ್ಷ: ‘ಅಲ್ಲಿ ಫಲಿತಾಂಶ ಮೊದಲೇ ನಿಗದಿ, ಎಲ್ಲ ನಾಟಕ, ಸೋಲುವುದೇನು ಮಹಾ?’ ನಾಟಕವೇ, ಒಪ್ಪೋಣ. ಆದರೆ ಬಯಲಾಟದಲ್ಲಿ ಸಾಯುವ ಅಭಿಮನ್ಯುವನ್ನು ಯಾರೂ ತಲೆಯ ಮೇಲೆತ್ತಿ ಅಂಗಾತ ಒಗೆಯುವುದಿಲ್ಲ. ಇಲ್ಲಿ ಬೀಳುವಾಗ ಗದ್ದವನ್ನು ಎದೆಗೊತ್ತಬೇಕು, ಉಸಿರು ಬಿಡಬೇಕು, ಬೆನ್ನಿನ ಮೇಲ್ಭಾಗವೆಲ್ಲ ಒಟ್ಟಿಗೇ ನೆಲ ಮುಟ್ಟಬೇಕು, ಅದೇ ಗಳಿಗೆಗೆ ಎರಡೂ ಕೈ ದಬಾರನೆ ಬಡಿಯಬೇಕು. ಗದ್ದ ತುಸು ಮೇಲಿದ್ದರೂ ಬುರುಡೆ ಬಡಿಯುತ್ತದೆ. ಆಮೇಲೆ, ತಾಗಿಯೂ ತಾಗದ ಗುದ್ದಿಗೆ ಜೀವ ಹೋದಂತೆ ಹೊರಳಬೇಕು. ಎದುರಾಳಿ ಬಲಭೀಮನಾಗಿ ಕಾಣುವುದು ಅವನ ಬೈಸೆಪ್ಸಿನಿಂದಲ್ಲ, ಇವನ ಹೊರಳಾಟದಿಂದ. ಇಂಥವರನ್ನು ಆ ಕಸುಬಿನವರು ‘ಜಾಬರ್’ ಎನ್ನುತ್ತಾರೆ. ಅವರ ಭಾಷೆಯಲ್ಲಿ ಜಾಬ್ ಮಾಡುವುದೆಂದರೆ ಸೋಲುವುದು. ನೌಕರಿ ಮಾಡಿದ ಯಾರಿಗೂ ಇದರ ವ್ಯುತ್ಪತ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಉಜ್ವಲವಾಗಿದ್ದ ಭವಿಷ್ಯಕ್ಕೆ ಗ್ರಹಣ ಹಿಡಿದದ್ದು 2019ರ ಏಪ್ರಿಲ್ 7ರಂದು. ನ್ಯೂಜೆರ್ಸಿಯಲ್ಲಿ ನಡೆದ ರೆಸಲ್‌ಮೇನಿಯಾ ಎಂಬ ಕುಸ್ತಿ ಜಾತ್ರೆಯಲ್ಲಿ ಗೆಳೆಯ ಝ್ಯಾಕ್ ರೈಡರ್ ಜೊತೆಗೂಡಿ ಗೆದ್ದೇಬಿಟ್ಟ. ಟ್ಯಾಗ್ ಟೀಮ್ ಪಟ್ಟವೂ ಸೊಂಟಕ್ಕೇರಿತು. ಸೋತು ಸುದ್ದಿಯಾಗಿದ್ದವನು ಗೆದ್ದು ಹತ್ತರಲ್ಲಿ ಹನ್ನೊಂದಾದ. ಜೂನಿನಲ್ಲಿ ಪಟ್ಟ ಹೋಯಿತು, ಮರುವರ್ಷದ ಏಪ್ರಿಲ್‌ನಲ್ಲಿ ಕೆಲಸವೂ ಹೋಯಿತು. ಕೋವಿಡ್ ಕಾಲದ ಖರ್ಚು ಕಡಿತ ಎಂಬುದು ಕಂಪನಿ ಕೊಟ್ಟ ಕಾರಣ. ಗೆದ್ದದ್ದೇ ಕಾರಣ ಎಂಬುದು ಈ ಪ್ರಬಂಧದ ಮಂಡನೆ.

ಶಿಷ್ಯಪರಂಪರೆಯ ಬಗ್ಗೆ ಒಂದು ಮಾತು. ಪ್ಯಾಟ್ ಬಕ್ ಜೊತೆ ಸೇರಿ ಹಾಕಿನ್ಸ್ ನ್ಯೂಯಾರ್ಕಿನಲ್ಲಿ ‘ಕ್ರಿಯೇಟ್ ಎ ಪ್ರೊ’ ಎಂಬ ಗರಡಿ ಕಟ್ಟಿದ್ದ. ಅಲ್ಲಿ ಪಳಗಿದ ಎಂಜೆಎಫ್ ಎಂಬ ಹುಡುಗ 2022ರ ನವೆಂಬರಿನಲ್ಲಿ ಎದುರು ಕಂಪನಿ ಎಇಡಬ್ಲ್ಯುವಿನ ವಿಶ್ವಪಟ್ಟ ಗೆದ್ದು, 406 ದಿನ ಯಾರಿಗೂ ಬಿಟ್ಟುಕೊಡಲಿಲ್ಲ. ಗುರುವಿನ ಮುಖ್ಯ ವಿದ್ಯೆಯೇ ಪಾಪ, ಅವನ ತಲೆಗೆ ಹತ್ತಿರಲಿಲ್ಲ.