ಅಪ್‌ಗ್ರೇಡ್ ರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬರು ಅಪ್‌ಗ್ರೇಡ್ ರಾಯರು ಸಿಕ್ಕೇ ಸಿಗುತ್ತಾರೆ. ಭಾನುವಾರ ಬೆಳಗಿನ ಜಾವ ಮೈಗಂಟಿದ ಚಡ್ಡಿ, ಬೆನ್ನ ಹಿಂದೆ ಮೂರು ಜೇಬಿನ ಅಂಗಿ ತೊಟ್ಟು, ಸೈಕಲನ್ನು ಹಿಂದಿನ ಚಕ್ರದ ಮೇಲೆ ಎತ್ತಿ ನಿಲ್ಲಿಸಿಕೊಂಡು ಲಿಫ್ಟಿನ ಪೂರ್ತಿ ಜಾಗ ಹಿಡಿದು ಇಳಿಯುವವರು ಅವರೇ. ಪಾಪ, ಹಾಲಿನ ಹುಡುಗ ಅವರನ್ನು ಕಂಡರೆ ಮೆಟ್ಟಿಲು ಹತ್ತುತ್ತಾನೆ.

ಇವರ ಕಥೆ ಶುರುವಾಗುವುದು ಕೊಲೆಸ್ಟ್ರಾಲ್ ರಿಪೋರ್ಟಿನಿಂದ. ಡಾಕ್ಟರು 'ಸ್ವಲ್ಪ ಮೈ ಬಗ್ಗಿಸಿ' ಅಂದದ್ದೇ ತಡ, ಬಾಗಿದ ಹ್ಯಾಂಡಲ್ಲಿನ ರೋಡ್ ಬೈಕು ಮನೆಗೆ ಬಂತು. ನಲವತ್ತು ಸಾವಿರದೊಳಗಿನ ಗಾಡಿ. ಅಲ್ಯೂಮಿನಿಯಂ ಫ್ರೇಮು, ಹಿಂದೆ ಶಿಮಾನೊ ಕಂಪನಿಯ 8 ಗೇರಿನ ಕ್ಲಾರಿಸ್ ಸೆಟ್ಟು. ಒಳ್ಳೆಯ ಸೈಕಲ್ಲೇ, ಹತ್ತು ವರ್ಷ ತುಳಿದರೂ ಬೇಡ ಅನ್ನದು. ರಾಯರು ಮಾತ್ರ ಹತ್ತು ವಾರದಲ್ಲೇ ಬೇಡ ಅನ್ನತೊಡಗಿದರು. ನಂದಿ ಬೆಟ್ಟದ ತಿರುವಿನಲ್ಲಿ ಕಾಲೇಜು ಹುಡುಗನೊಬ್ಬ ಅವರನ್ನು ಹಿಂದೆ ಹಾಕಿ ಹೋದನಂತೆ. ಅದೂ ಇಯರ್‌ಫೋನಿನಲ್ಲಿ ಯಾರೊಂದಿಗೋ ಮಾತಾಡಿಕೊಂಡು. ಹುಡುಗನಿಗೆ ಇಪ್ಪತ್ತು ವರ್ಷ, ತಮಗೆ ನಲವತ್ತೇಳು ಎಂಬ ವಿಚಾರ ರಾಯರ ತನಿಖೆಯ ವ್ಯಾಪ್ತಿಗೆ ಬರಲಿಲ್ಲ. 'ಅವನದು ಕಾರ್ಬನ್ ಕಣ್ರೀ' ಎಂದು ಕೇಸು ಮುಗಿಸಿದರು.

ಅಂದಿನಿಂದ ಅಡುಗೆಮನೆಯ ತಕ್ಕಡಿ ನಾಪತ್ತೆ. ಕೇಕ್ ಮಾಡಲು ಹೊರಟ ಮಗಳು ಅದನ್ನು ಹುಡುಕುತ್ತ ಬಂದರೆ ತಂದೆ ಬಾಲ್ಕನಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತಕ್ಕಡಿಯ ಮೇಲೆ ಸೀಟ್ ಪೋಸ್ಟು. ಕೆಳಗಿಳಿಸಿ, ಗ್ರೀಸ್ ಒರೆಸಿ, ಮತ್ತೆ ಇಟ್ಟರು. ಒರೆಸಿದ್ದಕ್ಕೆ 2 ಗ್ರಾಂ ಇಳಿದಿತ್ತು. ಅದನ್ನೂ ಎಕ್ಸೆಲ್ ಹಾಳೆಯಲ್ಲಿ ಬರೆದುಕೊಂಡರು. ನೀರಿನ ಬಾಟಲ್ ಸ್ಟ್ಯಾಂಡಿನ ನಾಲ್ಕು ಉಕ್ಕಿನ ಬೋಲ್ಟು ತೆಗೆದು ಟೈಟಾನಿಯಂ ಬೋಲ್ಟು ಹಾಕಿದ್ದರಿಂದ ಉಳಿದದ್ದು 6 ಗ್ರಾಂ. ಆ ಸ್ಟ್ಯಾಂಡಿನಲ್ಲಿ ಎರಡು ಬಾಟಲ್ ತುಂಬಿಸಿ ಒಂದೂವರೆ ಕಿಲೋ ನೀರು ಒಯ್ಯುತ್ತಾರೆ, ಮುಕ್ಕಾಲು ಪಾಲು ಹಾಗೇ ವಾಪಸು ತರುತ್ತಾರೆ.

ಲೆಕ್ಕ ಬಾರದವರೇನಲ್ಲ ರಾಯರು, ಎಂಜಿನಿಯರು. ಗಾಡಿ 10.5 ಕಿಲೋ, ಸವಾರರು 78, ನೀರು ಪಂಪು ಎಲ್ಲ ಸೇರಿ ಹತ್ತಿರಹತ್ತಿರ 90. ಅದರಲ್ಲಿ ಒಂದು ಕಿಲೋ ಇಳಿಸಿದರೆ ಏರಿನಲ್ಲಿ ಸಿಗುವುದು ಹೆಚ್ಚೆಂದರೆ ನೂರಕ್ಕೆ ಒಂದು ಪಾಲು. 50 ನಿಮಿಷದ ಏರಿಗೆ ಅರ್ಧ ನಿಮಿಷ. ಬೆಟ್ಟದ ಮೇಲೆ ಸೈಕಲನ್ನು ಗೋಡೆಗೆ ಒರಗಿಸಿ, ಪೆಡಲ್ಲು ಸರಿಯಾದ ಕೋನಕ್ಕೆ ಬರುವವರೆಗೆ ತಿರುಗಿಸಿ ಫೋಟೊ ತೆಗೆಯಲು ಅವರಿಗೆ ಹತ್ತು ನಿಮಿಷ ಬೇಕು. ಆದರೂ ಅವರ ಚಿಂತೆಯೇ ಬೇರೆ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ನೇ ಇಸವಿಯಿಂದ ಸ್ಪರ್ಧೆಯ ಸೈಕಲ್ಲು 6.8 ಕಿಲೋಗಿಂತ ಹಗುರ ಇರಕೂಡದು ಎಂದು ನಿಯಮ ಮಾಡಿದೆ. 'ಹೀಗೇ ಇಳಿಸ್ತಾ ಹೋದ್ರೆ ನಮ್ದು ರೂಲ್ಸ್ ಮೀರ್ಬಿಡುತ್ತೋ ಏನೋ' ಎಂದು ಒಮ್ಮೆ ನನ್ನ ಬಳಿ ಗಂಭೀರವಾಗಿ ಆತಂಕ ತೋಡಿಕೊಂಡರು. ಗಾಡಿ ಅಂದು 9.9ರಲ್ಲಿತ್ತು.

ಗೇರಿನ ಪ್ರಕರಣ ಇನ್ನೂ ದೊಡ್ಡದು. ಶಿಮಾನೊದವರು ಮೆಟ್ಟಿಲು ಕಟ್ಟಿಟ್ಟಿದ್ದಾರೆ: ಕ್ಲಾರಿಸ್‌ಗೆ 8, ಸೋರಾಗೆ 9, ಟಿಯಾಗ್ರಾಗೆ 10, ಅದರ ಮೇಲೆ 105. ಮೆಟ್ಟಿಲು ಕಂಡ ಮೇಲೆ ಹತ್ತದೆ ಇರುವುದು ಹೇಗೆ? 11 ಗೇರಿನ 105 ಬೇಕೆಂದು, ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ತರಿಸಿದರು. ಅದು 8ರ ಶಿಫ್ಟರಿನ ಮಾತು ಕೇಳುವುದಿಲ್ಲ, ಶಿಫ್ಟರ್ ಬಂತು. ಶಿಫ್ಟರಿಗೆ ಹೊಂದುವ ಮುಂದಿನ ಡಿರೇಲರ್, ತೆಳ್ಳಗಿನ ಚೈನು, ಹಲ್ಲುಚಕ್ರಗಳ ಕ್ಯಾಸೆಟ್ ಬಂದವು. ಆ ಕ್ಯಾಸೆಟ್ಟು ಹಳೆಯ ಚಕ್ರದ ಹಬ್ಬಿನ ಮೇಲೆ ಕೂರಲಿಲ್ಲ. ರೋಡ್ ಬೈಕಿನ 11ರ ಕ್ಯಾಸೆಟ್ಟುಗಳು ಸಾಮಾನ್ಯವಾಗಿ ಎರಡು ಮಿಲಿಮೀಟರಿಗೆ ತುಸು ಕಡಿಮೆ ಅಗಲ ಜಾಸ್ತಿ. ಸರಿ, ಚಕ್ರಗಳೂ ಬಂದವು. ಕೌಪೀನ ಕಡಿಯುವ ಇಲಿಗೆಂದು ಬೆಕ್ಕು ಸಾಕಿ, ಬೆಕ್ಕಿನ ಹಾಲಿಗೆ ಹಸು ಕಟ್ಟಿ, ಹಸು ನೋಡಿಕೊಳ್ಳಲು ಮದುವೆಯಾದ ಸನ್ಯಾಸಿಯ ಸಂಸಾರ ಇದಕ್ಕಿಂತ ಅಗ್ಗವಾಗಿ ಮುಗಿದಿತ್ತು. ಒಟ್ಟು ಬಿಲ್ಲು ಸೈಕಲಿನ ಬೆಲೆ ದಾಟಿದಾಗ ಅವರ ಶ್ರೀಮತಿ ಅಂದದ್ದು ಒಂದೇ ಮಾತು: 'ಮೂಗಿಗಿಂತ ಮೂಗುತಿ ಭಾರ ಆಯ್ತಲ್ರೀ.'

'ಭಾರ ಅಲ್ಲ ಕಣೇ, 400 ಗ್ರಾಂ ಕಡಿಮೆ ಆಗಿದೆ' ಎಂದರು ರಾಯರು.

ನಮ್ಮ ಬೀದಿ ಕೊನೆಯಲ್ಲಿ ಒಂದು ಹಳೆಯ ಸೈಕಲ್ ಶಾಪಿದೆ. ಪಂಚರ್ ಹಾಕುವುದು, ಬೆಂಡ್ ತೆಗೆಯುವುದು, ಓವರಾಯಿಲಿಂಗ್. ಯಜಮಾನರು ಹೆಚ್ಚು ಮಾತಾಡುವವರಲ್ಲ. ಹೊಸ ಚಕ್ರ ತೋರಿಸಲು ರಾಯರು ಹೋದಾಗ ಅವರು ಚಕ್ರ ನೋಡಲೇ ಇಲ್ಲ. ಬ್ರೇಕ್ ಹಿಡಿದು ಗಾಡಿಯನ್ನು ಒಂದು ಸಲ ಮುಂದೆ ನೂಕಿದರು. ಅದು ಜಾರಿಕೊಂಡು ಹೋಯಿತು. 'ಸಾರ್, ಬ್ರೇಕ್ ಶೂ ಗಟ್ಟಿಯಾಗೋಗಿದೆ. ಬೆಟ್ಟ ಹತ್ತೋದಿರ್ಲಿ, ಇಳಿಯೋದ್ ಹೇಗೆ?' ಆಮೇಲೆ ಟೈರನ್ನು ಹೆಬ್ಬೆರಳಿಂದ ಒತ್ತಿದರು, ಒಂದಿಷ್ಟೂ ಬಗ್ಗಲಿಲ್ಲ. ರಾಯರು 25 ಮಿಲಿಮೀಟರಿನ ಟೈರಿಗೆ 120 ಪಿಎಸ್‌ಐ ಹೊಡೆದಿದ್ದರು. 'ಈ ರಸ್ತೆಗೆ ಇಷ್ಟ್ ಗಾಳಿ ಯಾಕ್ ಸಾರ್? ಗುಂಡೀಲೆಲ್ಲಾ ಗಾಡಿ ಎಗರುತ್ತೆ, ನೀವ್ ತುಳಿದದ್ದೆಲ್ಲ ಎಗರೋದಕ್ಕೇ ಹೋಗುತ್ತೆ. 28ರ ಒಳ್ಳೇ ಟೈರ್ ಹಾಕ್ಸಿ, ಫ್ರೇಮಲ್ಲಿ ಜಾಗ ಇದೆ. 80ರ ಆಸುಪಾಸು ಗಾಳಿ ಸಾಕು.' ಕೊನೆಗೆ ಒಂದಡಿ ಉಕ್ಕಿನ ಸ್ಕೇಲು ತಂದರು. ಹೊಸ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಎಣಿಸಿದರೆ ಹನ್ನೆರಡು ಜೊತೆ ಕೊಂಡಿ ಸರಿಯಾಗಿ ಹನ್ನೆರಡು ಇಂಚು. ಅಂಗಡಿಯ ಹುಡುಗನ ಲಡಕಾಸಿ ಸೈಕಲಿಗೆ ಹಿಡಿದರೆ ಕೂದಲೆಳೆಯಷ್ಟೂ ಹೆಚ್ಚಿಲ್ಲ. ರಾಯರ 105ರ ಚೈನು ಮಣ್ಣು, ಕಪ್ಪು ಎಣ್ಣೆ ಮೆತ್ತಿಕೊಂಡು ಆಗಲೇ ಹಿಗ್ಗತೊಡಗಿತ್ತು. 'ತಿಂಗಳಿಗೊಂದ್ಸಲ ಸೀಮೆಎಣ್ಣೇಲಿ ತೊಳೀರಿ, ಒರೆಸಿ ಎಣ್ಣೆ ಬಿಡಿ, ಮೇಲ್ಗಡೆ ಎಣ್ಣೆ ಬಟ್ಟೇಲಿ ತೆಗೀರಿ. ಇಲ್ದಿದ್ರೆ ಕ್ಯಾಸೆಟ್ಟನ್ನೂ ತಿಂದಾಕುತ್ತೆ.'

ನನ್ನನ್ನು ಕೇಳಿದರೆ ಅಗ್ಗದ ರೋಡ್ ಬೈಕಿಗೆ ಮಾಡಬೇಕಾದ್ದರಲ್ಲಿ ಮುಕ್ಕಾಲು ಭಾಗ ಆ ಐದು ನಿಮಿಷದಲ್ಲಿ ಮುಗಿದುಹೋಯಿತು. ತಂತಿ ಅಂಚಿನ ಒರಟು ಟೈರು ತೆಗೆದು ಒಳ್ಳೆಯ ಜೋಡಿ ಹಾಕಿದರೆ ಹತ್ತು ವ್ಯಾಟಿಗೂ ಮೀರಿ ಕಾಲಿನ ಶಕ್ತಿ ಉಳಿಯುತ್ತದೆ. ರಾಯರು ಜರ್ಮನಿಯಿಂದ ತರಿಸಲು ಹೊರಟಿದ್ದ ಸಿರಾಮಿಕ್ ಬೇರಿಂಗಿಗೆ ಉಳಿಯುವುದು ಒಂದೆರಡು. ಆದರೆ ಯಜಮಾನರ ಸಲಹೆಗೆ ದೊಡ್ಡ ದೋಷವಿತ್ತು: ಎಲ್ಲ ಸೇರಿ ಏಳೆಂಟು ಸಾವಿರ ದಾಟುತ್ತಿರಲಿಲ್ಲ. ಐದಂಕಿ ಮುಟ್ಟದ ಸಲಹೆಯನ್ನು ರಾಯರು ಸಲಹೆ ಎಂದೇ ಪರಿಗಣಿಸುವುದಿಲ್ಲ. 'ಹಳೇ ಕಾಲದವರು' ಎಂದು ಕನಿಕರದಿಂದ ನಕ್ಕು ಬಂದರು.

ಸೀಟಿನ ವಿಷಯ ಹೇಳಬಾರದು, ಆದರೂ ಹೇಳುತ್ತೇನೆ. ಮೂವತ್ತು ಕಿಲೋಮೀಟರ್ ದಾಟಿದರೆ ಕೂರಲಾಗದು ಎಂದು ಮೂರು ಸೀಟು ಬದಲಾಯಿಸಿದರು. ಮೊದಲು ಮೆತ್ತನೆಯದು, ಆಮೇಲೆ ನಡುವೆ ತೂತಿರುವುದು, ಆಮೇಲೆ ಇಂಗ್ಲೆಂಡಿನ ಚರ್ಮದ್ದು. ಸೋಮವಾರ ಆಫೀಸಿನಲ್ಲಿ ಮೀಟಿಂಗುಗಳನ್ನೆಲ್ಲ ನಿಂತೇ ನಡೆಸುತ್ತಿದ್ದರಂತೆ. ಕೆಳಗಿನವರು ಅದನ್ನು ಹೊಸ ಮ್ಯಾನೇಜ್‌ಮೆಂಟ್ ಪದ್ಧತಿ ಎಂದುಕೊಂಡು ತಾವೂ ನಿಂತರು. ಕೊನೆಗೆ ಒಬ್ಬ ಸವಾರ ಮಿತ್ರರು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳಿದರು: ಪ್ಯಾಡ್ ಇರುವ ಸೈಕ್ಲಿಂಗ್ ಚಡ್ಡಿಯ ಒಳಗೆ ಇನ್ನೊಂದು ಚಡ್ಡಿ ಹಾಕಬಾರದು, ಹೊಲಿಗೆ ಉಜ್ಜಿ ಚರ್ಮ ಕಿತ್ತುಬರುತ್ತದೆ. ಜೊತೆಗೆ ಒಂದು ಅಲೆನ್ ಕೀ ತೆಗೆದು ಸೀಟನ್ನು ಎರಡು ಬೆರಳು ಇಳಿಸಿಕೊಟ್ಟರು. ನೋವು ಹೋಯಿತು. ಬಿಡಿಗಾಸೂ ಖರ್ಚಾಗಲಿಲ್ಲ, ಹಾಗಾಗಿ ಈ ಅಪ್‌ಗ್ರೇಡ್ ಎಕ್ಸೆಲ್ ಹಾಳೆ ಸೇರಲಿಲ್ಲ.

ರಾಯರಿಗೆ ಇಷ್ಟವಾದ ಕಥೆಯೊಂದಿದೆ. ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ 1993ರಲ್ಲಿ ಗಂಟೆಯ ದಾಖಲೆ ಮುರಿದದ್ದು ತಾನೇ ಕಟ್ಟಿಕೊಂಡ ಸೈಕಲಿನಲ್ಲಿ. ಅದರಲ್ಲಿ ವಾಷಿಂಗ್ ಮೆಷಿನ್ನಿನ ಬೇರಿಂಗುಗಳಿದ್ದವು. ಒಂದು ಗಂಟೆಗೆ 51.596 ಕಿಲೋಮೀಟರ್. ಸಮತಟ್ಟಿನಲ್ಲಿ ವೇಗ ಹೆಚ್ಚಿದಂತೆ ಸವಾರನನ್ನು ತಡೆಯುವುದು ಬಹುಪಾಲು ಗಾಳಿ, ಆ ಗಾಳಿಗೆ ಎದೆಯೊಡ್ಡುವುದು ಸೈಕಲಿಗಿಂತ ಹೆಚ್ಚಾಗಿ ಸವಾರನ ಮೈ. ಒಬ್ರಿ ಕೈಗಳನ್ನು ಎದೆಯಡಿ ಮಡಚಿ ಮೈ ಬಗ್ಗಿಸಿ ಕೂತದ್ದೇ ಅಲ್ಲಿನ ಜಾಣತನ. ಡಾಕ್ಟರು ಹೇಳಿದ್ದೂ ಅದನ್ನೇ. ರಾಯರು ಹಿಡಿದುಕೊಂಡದ್ದು ಬೇರಿಂಗನ್ನು. ಊಟದ ಮೇಜಿನಲ್ಲಿ ಅವರು ಈ ಕಥೆ ಹೇಳುತ್ತಿದ್ದಾಗ ಶ್ರೀಮತಿ ಸದ್ದಿಲ್ಲದೆ ಎದ್ದುಹೋಗಿ ಯುಟಿಲಿಟಿ ಬಾಗಿಲಿಗೆ ಚಿಲಕ ಹಾಕಿ ಬಂದರು.

ಕಳೆದ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡಲೆಂದು ಆಕೆ ರಟ್ಟಿನ ಡಬ್ಬಗಳನ್ನು ಇಳಿಸಿ ನೆಲದ ಮೇಲೆ ಹರಡಿದರು. ಹಳೆಯ ಎರಡು ಚಕ್ರ, ಹ್ಯಾಂಡಲ್ಲು, ಕ್ಲಾರಿಸ್‌ನ ಶಿಫ್ಟರಿನಿಂದ ಕ್ಯಾಸೆಟ್ಟಿನವರೆಗೆ ಎಲ್ಲ, ಸೀಟ್ ಪೋಸ್ಟು, ಎರಡು ಜೊತೆ ಪೆಡಲ್ಲು, ಮೂರು ಸೀಟು, ಬಟಾಣಿ ಡಬ್ಬದ ತುಂಬ ಉಕ್ಕಿನ ಬೋಲ್ಟು. ಸೊಂಟದ ಮೇಲೆ ಕೈಯಿಟ್ಟು, 'ಇಷ್ಟರಲ್ಲಿ ಇನ್ನೊಂದು ಸೈಕಲ್ಲೇ ಆಗ್ತಿತ್ತಲ್ರೀ!' ಎಂದು ರೇಗಿದರು.

ರಾಯರು ನೆಲದ ಮೇಲಿದ್ದುದನ್ನೆಲ್ಲ ಒಮ್ಮೆ ನೋಡಿದರು. ಬಾಗಿ ಚಕ್ರವೊಂದನ್ನು ತಿರುಗಿಸಿ ನೋಡಿದರು.

'ನೀನು ಹೇಳೋದು ಸರಿ ಕಣೇ. ಫ್ರೇಮ್ ಒಂದು ತಾನೇ ಕಡಿಮೆ ಇರೋದು?' ಎನ್ನುತ್ತ ಫೋನ್ ತೆಗೆದರು.