ಬಿ ಫಾರಂಗೆ ಅರ್ಚನೆ ಮಾಡಿಸುವ ಮಹನೀಯರಿಗೆ

ಪರಮ ದೈವಭಕ್ತರಾದ ಅಭ್ಯರ್ಥಿ ಮಹಾಶಯರ ಸನ್ನಿಧಾನಕ್ಕೆ,

ತಮ್ಮ ಕ್ಷೇಮಕ್ಕಾಗಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಗುಡಿಗಳಲ್ಲಿ ಅರ್ಚನೆ ನಡೆಯುತ್ತಿರುವುದನ್ನು ಕಣ್ಣಾರೆ ಕಂಡು ಈ ಪತ್ರ ಬರೆಯುತ್ತಿದ್ದೇನೆ. ತಾವು ಯಾವ ಪಕ್ಷದವರೆಂದು ಇಲ್ಲಿ ನಮೂದಿಸಿಲ್ಲ, ಅದರ ಅಗತ್ಯ ಬೀಳಲಿಲ್ಲ. ಪಕ್ಷ ಯಾವುದಾದರೂ ಬಿ ಫಾರಂ ಕೈಗೆ ಬಂದ ದಿನ ನಡೆಯುವುದು ಒಂದೇ. ಅದನ್ನು ಹರಿವಾಣದಲ್ಲಿಟ್ಟು ಮನೆದೇವರ ಪಾದಕ್ಕೆ ಮುಟ್ಟಿಸುತ್ತೀರಿ, ಮಂಗಳಾರತಿ ಆಗುತ್ತದೆ, ಮರುದಿನ ಚಿತ್ರ ಪತ್ರಿಕೆಯಲ್ಲಿ ಬರುತ್ತದೆ.

ನಾನು ದೇವರ ವಿರೋಧಿಯೆಂದು ತಾವು ಭಾವಿಸಬಾರದು. ನನಗೆ ಪೂಜೆಯ ರೂಢಿ ಇಲ್ಲ, ನಮ್ಮ ಮನೆಯವರಿಗಿದೆ. ಆ ಕಾರಣಕ್ಕೆ ನಮ್ಮ ಮನೆಯಲ್ಲಿ ಇವತ್ತಿನವರೆಗೆ ಒಂದು ಮಾತೂ ಬಂದಿಲ್ಲ. ನನ್ನ ಅಹವಾಲು ದೇವರ ಮೇಲಲ್ಲ, ದೇವರನ್ನು ಮುಂದಿಟ್ಟುಕೊಂಡು ಬರುವ ತಮ್ಮ ಮೇಲೆ.

ಮೊದಲು ಕೃತಜ್ಞತೆ ಸಲ್ಲಿಸಬೇಕು. ಕಾಲದ ಬಗ್ಗೆ ತಮಗಿರುವ ಶ್ರದ್ಧೆ ದೊಡ್ಡದು. ಒಳ್ಳೆಯ ನಕ್ಷತ್ರ ಕೂಡಿದ ಗಳಿಗೆಗೆ ನಾಲ್ಕು ಜನರೊಂದಿಗೆ ಬಂದು ನಾಮಪತ್ರದ ಒಂದು ಪ್ರತಿ ಕೊಡುತ್ತೀರಿ. ಇನ್ನೊಂದು ದಿನ ಮೆರವಣಿಗೆಯಲ್ಲಿ ಬಂದು ಮತ್ತೊಂದು ಪ್ರತಿ ಕೊಡುತ್ತೀರಿ. ರಾಹುಕಾಲ ಕಳೆಯಲೆಂದು ಕಚೇರಿಯ ಹೊರಗೆ ಕಾರಿನಲ್ಲೇ ಕಾದು ಕೂರುವ ತಾಳ್ಮೆಯೂ ತಮಗಿದೆ. ಇಷ್ಟು ಕರಾರುವಾಕ್ಕಾಗಿ ಹೊತ್ತು ನೋಡುವ ತಮ್ಮಲ್ಲಿ ಒಂದು ಬಿನ್ನಹ. ಆಲೂಗಡ್ಡೆಗೂ ಒಂದು ಗಳಿಗೆ ಇದೆ. ಮುಂಗಾರಿಗೆ ಮುಂಚೆ ಜಲಂಧರದ ಬಿತ್ತನೆ ಗಡ್ಡೆ ಹಾಸನದ ಮಾರುಕಟ್ಟೆಗೆ ಬರುತ್ತದೆ. ಬೀಜ ಕಳಪೆಯಾದರೆ, ಹದ ತಪ್ಪಿದರೆ, ಅಂಗಮಾರಿ ಬಿದ್ದು ಕೆಲವೇ ದಿನಗಳಲ್ಲಿ ಹೊಲಕ್ಕೆ ಹೊಲವೇ ಕಪ್ಪಾಗುತ್ತದೆ. ಹಾಸನದ ಹೆಸರಿನ ಜೊತೆಗೇ ಬರುತ್ತಿದ್ದ ಬೆಳೆ ಅದು. ಈಗ ಅದೇ ಹೊಲಗಳಲ್ಲಿ ಮುಸುಕಿನ ಜೋಳ, ಶುಂಠಿ ನಿಂತಿವೆ. ಬೀಜ ಬರುವ ವಾರಕ್ಕೂ ತಾವು ಪಂಚಾಂಗದಲ್ಲಿ ಒಂದು ಗುರುತು ಹಾಕಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ.

ನಿಂಬೆಹಣ್ಣಿನ ವಿಷಯವನ್ನೂ ಎತ್ತಬೇಕಾಗಿದೆ, ಕ್ಷಮೆ ಇರಲಿ. 2019ರ ಜುಲೈನಲ್ಲಿ ರಾಜ್ಯ ಸರ್ಕಾರ ಉಳಿಯುತ್ತದೋ ಬೀಳುತ್ತದೋ ಎಂದು ವಿಶ್ವಾಸಮತದ ಚರ್ಚೆ ನಡೆಯುತ್ತಿದ್ದಾಗ, ನಮ್ಮ ಜಿಲ್ಲೆಯ ಸಚಿವರಾಗಿದ್ದ ರೇವಣ್ಣನವರ ಕೈಯ ನಿಂಬೆಹಣ್ಣು ವಿಧಾನಸಭೆಯಲ್ಲಿ ಪ್ರಸ್ತಾಪವಾಯಿತು. ಅದಕ್ಕೆ ಮಾಟಮಂತ್ರದ ಬಣ್ಣ ಬಳಿದವರಿಗೆ ಮುಖ್ಯಮಂತ್ರಿ ಕುಮಾರಸ್ವಾಮಿಯವರೇ ಎದ್ದು ನಿಂತು ಉತ್ತರಿಸಬೇಕಾಯಿತು. ಊರೆಲ್ಲ ನಕ್ಕಿತು, ನನಗೆ ನಗು ಬರಲಿಲ್ಲ. ಒಬ್ಬ ಮನುಷ್ಯ ತನ್ನ ಕೈಯಲ್ಲಿ ಏನು ಹಿಡಿಯುತ್ತಾನೆ ಎಂಬುದು ಅವನಿಗೆ ಸೇರಿದ್ದು. ಆದರೆ ಒಂದು ಸರ್ಕಾರ ಏನು ಮಾಡಿತು, ಏನು ಮಾಡಲಿಲ್ಲ ಎಂದು ಲೆಕ್ಕ ಹಾಕಬೇಕಿದ್ದ ಸದನದಲ್ಲಿ ಆಪಾದನೆಯೂ ಸಮರ್ಥನೆಯೂ ಒಂದು ಹಣ್ಣಿನ ಸುತ್ತ ನಡೆದವಲ್ಲ, ಅದು ನನ್ನ ನೋವು.

ಇದಕ್ಕಿಂತ ದೊಡ್ಡ ನಿದರ್ಶನವನ್ನು ತಾವು 2011ರಲ್ಲೇ ನಮಗೆ ದಯಪಾಲಿಸಿದ್ದೀರಿ. ಆಗ ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರೂ, ಹಿಂದೆ ಮುಖ್ಯಮಂತ್ರಿಯಾಗಿದ್ದ ನಮ್ಮ ಹರದನಹಳ್ಳಿಯ ಕುಮಾರಸ್ವಾಮಿಯವರೂ ಪರಸ್ಪರ ಆರೋಪ ಮಾಡಿಕೊಂಡು, ಸತ್ಯ ಯಾವುದೆಂದು ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆ ಪ್ರಮಾಣ ಆಗಲಿ ಎಂಬಲ್ಲಿಗೆ ಹೋದರು. ಜೂನ್ 27ರಂದು ಇಬ್ಬರೂ ಧರ್ಮಸ್ಥಳಕ್ಕೆ ಹೋಗಿ, ದರ್ಶನ ಮಾಡಿ, ಆಣೆ ಹಾಕದೆ ಹಿಂತಿರುಗಿದರು. ಸರಿಯಾಗಿ ಒಂದು ತಿಂಗಳ ಮೇಲೆ, ಜುಲೈ 27ರಂದು, ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಅಕ್ರಮ ಗಣಿಗಾರಿಕೆಯ ವರದಿಯನ್ನು ಸರ್ಕಾರಕ್ಕೆ ಒಪ್ಪಿಸಿದರು. ಜುಲೈ 31ಕ್ಕೆ ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರು. ಕಡತ ಓದಿ, ಸಾಕ್ಷಿ ಕಲೆಹಾಕಿ, ಸಹಿ ಮಾಡಿದ ಕಾಗದವೊಂದು ಮಾಡಬಹುದಾದ ಕೆಲಸವನ್ನು ಮಂಜುನಾಥನ ತಲೆಗೆ ಕಟ್ಟಬೇಡಿ ಎಂಬುದಷ್ಟೇ ನನ್ನ ಪ್ರಾರ್ಥನೆ.

ಹಾಸನಾಂಬೆಯ ದರ್ಶನದ ದಿನಗಳಲ್ಲಿ ತಾವು ತೋರುವ ಭಕ್ತಿಗೂ ನಾವು ಋಣಿಗಳು. ವರ್ಷಕ್ಕೊಮ್ಮೆ ದೀಪಾವಳಿಯ ಸುಮಾರಿಗೆ ಬಾಗಿಲು ತೆರೆಯುವ ತಾಯಿ. ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ತಳವಾರ ಮನೆತನದವರು ಬಾಳೆಕಂದು ಕಡಿದ ಮೇಲೆ ಗರ್ಭಗುಡಿ ತೆರೆಯುತ್ತದೆ. ಆ ಕ್ಷಣಕ್ಕೆ ಅಧಿಕಾರಿಗಳ ಜೊತೆ ಮುಂಚೂಣಿಯಲ್ಲಿ ತಾವಿರುತ್ತೀರಿ. ಆಮೇಲೆ ಸಾವಿರ ರೂಪಾಯಿಯ ಸಾಲು, ಮುನ್ನೂರರ ಸಾಲು, ಕೊನೆಗೆ ಧರ್ಮದರ್ಶನದ ಸಾಲು. ಮಗು ಕಂಕುಳಲ್ಲಿಟ್ಟುಕೊಂಡು ಕೊಣನೂರಿನ ಬಸ್ಸಿನಲ್ಲಿ ಬಂದ ಹೆಣ್ಣುಮಗಳು ಆ ಕೊನೆಯ ಸಾಲಿನಲ್ಲಿ ತಾಸುಗಟ್ಟಲೆ ನಿಂತಿರುವಾಗ ತಮ್ಮ ವಾಹನಗಳು ಬ್ಯಾರಿಕೇಡ್ ಸರಿಸಿಕೊಂಡು ಒಳಗೆ ಹೋಗುತ್ತವೆ. ಹಿಂದೆಯೇ ತಮ್ಮ ಬಳಗ, ಬಳಗದ ನೆಂಟರು, ನೆಂಟರ ಪರಿಚಯದವರು. ಒಂದೇ ಒಂದು ವರ್ಷ ತಾವು ಧರ್ಮದರ್ಶನದ ಸಾಲಿನಲ್ಲಿ ನಿಲ್ಲುವಿರಾದರೆ ನಾವು ಧನ್ಯರು. ಆ ಸಾಲಿನಲ್ಲಿ ಜನ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗದ ಡಾಕ್ಟರ ಬಗ್ಗೆ, ಸಂಜೆಯ ಬಸ್ಸಿನ ಬಗ್ಗೆ, ಸೊಸೈಟಿ ಸಾಲದ ಬಗ್ಗೆ ಮಾತಾಡುತ್ತಿರುತ್ತಾರೆ. ಅಷ್ಟು ಹೊತ್ತು ಒಂದೇ ಕಡೆ ನಿಂತು ಕೇಳಿಸಿಕೊಳ್ಳುವ ಅವಕಾಶ ತಮಗೆ ಬೇರೆಲ್ಲಿ ಸಿಕ್ಕೀತು?

ಮನೆ ಬಾಗಿಲಿಗೆ ಬಂದಾಗ ಕೈಗೆ ಪ್ರಸಾದ ಕೊಡುತ್ತೀರಿ. ಅದಕ್ಕಾಗಿ ಕೃತಜ್ಞತೆ ಹೇಳಲೇಬೇಕು, ಯಾಕೆಂದರೆ ಪ್ರಸಾದ ಬೇಡ ಎನ್ನುವ ಸಂಸ್ಕಾರ ನಮ್ಮಲ್ಲಿಲ್ಲ. ಹೇಮಾವತಿ ನಾಲೆಯ ನೀರು ಕೊನೆಯ ಗದ್ದೆಗೆ ಯಾಕೆ ಬರಲಿಲ್ಲ ಎಂದು ಕೇಳಲು ಹೊರಗೆ ಬಂದವನು ಕುಂಕುಮ ಹಣೆಗಿಟ್ಟುಕೊಂಡು ಸುಮ್ಮನೆ ಒಳಗೆ ಹೋಗುತ್ತಾನೆ. ಪ್ರಸಾದ ಹಿಡಿದ ಕೈಯಲ್ಲಿ ಜಗಳ ಆಡುವವರು ಯಾರು? ಗೆದ್ದರೆ ದೇವರ ದಯೆ ಎನ್ನುತ್ತೀರಿ, ಸೋತರೆ ಗ್ರಹಚಾರ ಎನ್ನುತ್ತೀರಿ. ಎರಡರಲ್ಲೂ ನಾವಿಲ್ಲ ಸ್ವಾಮಿ. ಬಿಸಿಲಲ್ಲಿ ಸಾಲು ನಿಂತು, ಬೆರಳಿಗೆ ಶಾಯಿ ಹಾಕಿಸಿಕೊಂಡವರು ನಾವು. ದೇವರು ಗೆಲ್ಲಿಸಿದ ಮೇಲೆ ಲೆಕ್ಕ ಒಪ್ಪಿಸಬೇಕಾದದ್ದೂ ದೇವರಿಗೇ ಎಂದಾಗುತ್ತದೆ, ಆತ ಗ್ರಾಮಸಭೆಗೆ ಬಂದು ಪ್ರಶ್ನೆ ಕೇಳುವುದಿಲ್ಲ. ತಮ್ಮ ಭಕ್ತಿಯಲ್ಲಿ ನನ್ನನ್ನು ಹೆದರಿಸುವುದು ಈ ಒಂದು ಅನುಕೂಲ.

ತಮಗೆ ಕಾನೂನು ಹೇಳುವ ಉದ್ಧಟತನ ನನಗೆ ಬೇಡ. ಆದರೂ ತಾವೇ ಶಾಸನ ಮಾಡುವವರಾದ್ದರಿಂದ ನೆನಪಿಸುತ್ತೇನೆ. ಧರ್ಮದ ಹೆಸರಲ್ಲಿ ಮತ ಕೇಳುವುದು 1951ರ ಜನಪ್ರತಿನಿಧಿ ಕಾಯ್ದೆಯ 123ನೇ ಕಲಮಿನ ಪ್ರಕಾರ ಭ್ರಷ್ಟ ಆಚರಣೆ. ಅಭ್ಯರ್ಥಿಯ ಧರ್ಮವಿರಲಿ, ಮತದಾರನ ಧರ್ಮವಿರಲಿ, ಯಾವುದನ್ನೂ ಎತ್ತುವಂತಿಲ್ಲ ಎಂದು 2017ರ ಜನವರಿ 2ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಬಹುಮತದಿಂದ ತೀರ್ಪಿತ್ತಿದೆ. ಪೂಜಾಸ್ಥಳಗಳನ್ನು ರಾಜಕೀಯ ಚಟುವಟಿಕೆಗೆ ಬಳಸಬಾರದೆಂದು 1988ರಲ್ಲೇ ಪ್ರತ್ಯೇಕ ಕಾಯ್ದೆಯಾಗಿದೆ. ಇನ್ನು ಜಾತ್ಯತೀತತೆ ಸಂವಿಧಾನದ ಮೂಲ ರಚನೆಯ ಭಾಗವೆಂದು 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಮೊಕದ್ದಮೆಗೆ ನಮ್ಮ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರ ಹೆಸರೇ ಇದೆ. ಇಷ್ಟೆಲ್ಲ ಇದ್ದೂ 2023ರ ಮೇ ತಿಂಗಳ ಪ್ರಚಾರ ನಮ್ಮ ಕಿವಿಯಲ್ಲಿ ಇನ್ನೂ ಇದೆ. ಒಂದು ಕಡೆ ಪ್ರಧಾನಿಯವರ ಸಭೆಗಳಲ್ಲಿ ಬಜರಂಗಬಲಿಯ ಜಯಕಾರ, ಇನ್ನೊಂದು ಕಡೆ ಗೆದ್ದರೆ ಆಂಜನೇಯನ ಗುಡಿಗಳನ್ನು ಕಟ್ಟಿಸುತ್ತೇವೆ ಎಂಬ ಕಾಂಗ್ರೆಸ್ ಭರವಸೆ. ಊರಬಾಗಿಲಲ್ಲಿ ಆಂಜನೇಯನಿಲ್ಲದ ಹಳ್ಳಿಯನ್ನು ಈ ಸೀಮೆಯಲ್ಲಿ ಹುಡುಕಬೇಕು. ಆತ ಯಾವತ್ತೂ ನಮ್ಮಲ್ಲಿ ಮತ ಕೇಳಿದವನಲ್ಲ.

ತಮ್ಮ ಕ್ಷೇತ್ರ ಪ್ರವಾಸದಲ್ಲಿ ಶ್ರವಣಬೆಳಗೊಳ ಇದ್ದೇ ಇರುತ್ತದೆ. ಮುಂದಿನ ಸಲ ಹೋದಾಗ ದೊಡ್ಡ ಬೆಟ್ಟ ಇಳಿದ ಮೇಲೆ ಊರೊಳಗಿನ ಭಂಡಾರಿ ಬಸದಿಗೂ ದಯಮಾಡಿಸಬೇಕು. ಅಲ್ಲಿ ವಿಜಯನಗರದ ಅರಸ ಬುಕ್ಕರಾಯನ 1368ರ ಶಾಸನವಿದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಜೈನರು ಅರಸನಲ್ಲಿ ದೂರಿದರು. ಅರಸ ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರನ್ನು ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದ. ಜೈನರ ಕಲಶಕ್ಕೂ ಪಂಚಮಹಾವಾದ್ಯಕ್ಕೂ ಅಡ್ಡಿ ಮಾಡಬಾರದೆಂದು ಕಟ್ಟಪ್ಪಣೆ ಮಾಡಿದ. ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ನೇಮಿಸುವ ಹೊಣೆ ವೈಷ್ಣವ ಮುಖಂಡರದ್ದಾಯಿತು. ಅದರ ಖರ್ಚಿಗೆ ಹಣ ಬಂದದ್ದು ಮಾತ್ರ ಜೈನರ ಮನೆಮನೆಯಿಂದ. ರಕ್ಷಣೆ ಬೇಡಿದವನೇ ರಕ್ಷಣೆಗೆ ದುಡ್ಡು ಕೊಡಬೇಕಾಯಿತು ಎಂಬುದನ್ನು ನಾನು ಮರೆಮಾಚುವುದಿಲ್ಲ, ಅದು ಅರಸರ ಕಾಲ. ಆದರೆ ಬುಕ್ಕರಾಯ ಅಲ್ಲಿ ಯಾವ ಕಡೆಯ ಭಕ್ತನಾಗಿಯೂ ಕೂರಲಿಲ್ಲ. ದುರ್ಬಲನ ದೂರು ಕೇಳಲು ಅರಸನಾಗಿ ಕೂತ.

ಇಂಥದೇ ಒಂದು ದೂರು ಅಮೆರಿಕದಲ್ಲೂ ಹೋಯಿತು. ನಮ್ಮ ಗೊರೂರು ರಾಮಸ್ವಾಮಿ ಅಯ್ಯಂಗಾರರು ಹೋಗಿ ನೋಡಿ ಬರೆದ ದೇಶ ಅದು. ಇವತ್ತು ನಮ್ಮೂರುಗಳ ಎಷ್ಟೋ ಮನೆಯ ಮಕ್ಕಳು ಅಲ್ಲಿದ್ದಾರೆ. 1801ರಲ್ಲಿ ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರು, ತಮ್ಮ ರಾಜ್ಯದಲ್ಲಿ ಅಲ್ಪಸಂಖ್ಯಾತರಾಗಿದ್ದ ಶ್ರದ್ಧಾವಂತ ಕ್ರೈಸ್ತರು, ತಮ್ಮ ಧರ್ಮಸ್ವಾತಂತ್ರ್ಯ ಯಾರದೋ ಔದಾರ್ಯದಂತೆ ಸಿಗುತ್ತಿದೆ ಎಂದು ಅಧ್ಯಕ್ಷ ಜೆಫರ್ಸನ್‌ಗೆ ಬರೆದರು. 1802ರ ಜನವರಿ 1ರಂದು ಜೆಫರ್ಸನ್ ಬರೆದ ಉತ್ತರದಲ್ಲೇ ಚರ್ಚಿಗೂ ಸರ್ಕಾರಕ್ಕೂ ನಡುವಿನ ಗೋಡೆಯ ಮಾತು ಬಂದದ್ದು. ಆ ಗೋಡೆ ಬೇಕಾಗಿದ್ದುದು ದೇವರನ್ನು ನಂಬದವರಿಗೆ ಮಾತ್ರವಲ್ಲ. ಪ್ರಾರ್ಥನೆ ಬಿಡದ ಜನರಿಗೇ ಅದರ ಆಸರೆ ಬೇಕಿತ್ತು. ಆಮೇಲೆ ಅದೇ ದೇಶ 1956ರಲ್ಲಿ ದೇವರಲ್ಲಿ ನಂಬಿಕೆಯನ್ನೇ ರಾಷ್ಟ್ರದ ಧ್ಯೇಯವಾಕ್ಯ ಮಾಡಿಕೊಂಡಿತು. 1960ರಲ್ಲಿ ಕ್ಯಾಥೊಲಿಕ್ ಆಗಿದ್ದ ಕೆನಡಿಯವರು ತಾನು ಪೋಪನ ಮಾತಿನಂತೆ ನಡೆಯುವವನಲ್ಲ ಎಂದು ಪಾದ್ರಿಗಳ ಸಭೆಯ ಮುಂದೆ ನಿಂತು ಹೇಳಬೇಕಾಯಿತು. ಇವತ್ತಿಗೂ ಅಲ್ಲಿ ಬೈಬಲ್ ಎತ್ತಿ ಹಿಡಿದು ಮತ ಕೇಳುವವರು ಇದ್ದಾರೆ. ಅಲ್ಲಿ ತಮ್ಮ ಮಕ್ಕಳು, ಮೊಮ್ಮಕ್ಕಳು ಅಲ್ಪಸಂಖ್ಯಾತರು. ಆ ಗೋಡೆ ಗಟ್ಟಿಯಾಗಿರಲಿ ಎಂದು ಅವರಿಗಾಗಿ ಹಾರೈಸುವ ತಾವು ಇಲ್ಲಿಯೂ ಹಾಗೆಯೇ ಹಾರೈಸಬೇಕೆಂದು ಕೇಳಿಕೊಳ್ಳುತ್ತೇನೆ.

ಬೇಲೂರಿನ ಮಾತು ಬಿಡುವಂತಿಲ್ಲ. ಚೆನ್ನಕೇಶವನ ರಥೋತ್ಸವಕ್ಕೆ ಮುಂಚೆ ಖಾಜಿಯವರು ರಥದ ಮುಂದೆ ಕುರಾನ್ ಓದುವ ಪದ್ಧತಿ ಇತ್ತು. 2022ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಬೇಕೆಂಬ ಒತ್ತಡ ಬಂತು. ಜಾತ್ರೆಗಳಲ್ಲಿ ಮುಸ್ಲಿಮರು ಅಂಗಡಿ ಇಡಬಾರದೆಂಬ ಫಲಕಗಳು ರಾಜ್ಯದ ಹಲವೆಡೆ ಎದ್ದಿದ್ದ ಕಾಲ. ಮುಜರಾಯಿ ಇಲಾಖೆ ಆ ವರ್ಷ ಅನುಮತಿ ಕೊಟ್ಟಿತು, ಪಠಣ ನಡೆಯಿತು, ತೇರೂ ಎಳೆದರು. ಪತ್ನಿ ಶಾಂತಲೆ ಜೈನಳಾಗಿ ಬೆಳಗೊಳದಲ್ಲಿ ಬಸದಿ ಕಟ್ಟಿಸಿದ, ಪತಿ ವಿಷ್ಣುವರ್ಧನ ಬೇಲೂರಲ್ಲಿ ಕೇಶವನ ಗುಡಿ ಕಟ್ಟಿಸಿದ ಜಿಲ್ಲೆ ಇದು. ಇಂಥ ಊರಲ್ಲಿ ಹಳೆಯ ರೂಢಿಯೊಂದು ಇಲಾಖೆಯ ಅನುಮತಿ ಪತ್ರಕ್ಕೆ ಕಾಯಬೇಕಾದ ದಿನ ಬಂದಾಗ, ತೇರಿನ ಹಗ್ಗ ಹಿಡಿದು ಚಿತ್ರ ತೆಗೆಸಿಕೊಳ್ಳುವ ತಮ್ಮ ಬಾಯಿಂದ ಒಂದು ಮಾತು ಬಂದೀತೆಂದು ಎಷ್ಟು ಜನ ಕಾದಿದ್ದರು ಬಲ್ಲಿರಾ?

ಕೊನೆಯದಾಗಿ ಕೆಲವು ವಿನಂತಿಗಳು. ಗೆದ್ದು ಪ್ರಮಾಣವಚನ ತೆಗೆದುಕೊಳ್ಳುವಾಗ ದೇವರ ಹೆಸರು ಹೇಳಬಹುದು, ಇಲ್ಲವೇ ಸತ್ಯನಿಷ್ಠೆಯಿಂದ ಪ್ರಮಾಣ ಮಾಡಬಹುದು, ಸಂವಿಧಾನದ ಮೂರನೇ ಅನುಸೂಚಿ ಎರಡಕ್ಕೂ ಜಾಗ ಕೊಟ್ಟಿದೆ. ಯಾವುದನ್ನು ಆರಿಸಿದರೂ ನಮ್ಮ ತಕರಾರಿಲ್ಲ, ಅದರ ಮುಂದಿನ ಸಾಲುಗಳನ್ನು ಒಮ್ಮೆ ಮನೆಯಲ್ಲಿ ಓದಿಕೊಂಡು ಬನ್ನಿ. ಅರ್ಚನೆಯನ್ನು ಬಿಡಬೇಡಿ, ಕ್ಯಾಮೆರಾ ಇಲ್ಲದ ಹೊತ್ತಿನಲ್ಲಿ ಮಾಡಿಸಿ. ನಮ್ಮ ಬೀದಿಗೆ ಬರುವಾಗ ಪ್ರಸಾದದ ಬದಲು ಒಂದು ಹಾಳೆ ತನ್ನಿ. ಹೊಳೆನರಸೀಪುರದ ಕಡೆಯ ನಾಲೆಗಳ ಹೂಳು ಯಾವ ವರ್ಷ ತೆಗೆಸಿದ್ದು, ರಾಮನಾಥಪುರದ ಮಾರುಕಟ್ಟೆಯಲ್ಲಿ ಹೊಗೆಸೊಪ್ಪಿನ ದರ ಬಿದ್ದಾಗ ತಾವು ಯಾರೊಂದಿಗೆ ಮಾತಾಡಿದ್ದು, ಚನ್ನರಾಯಪಟ್ಟಣದ ತೆಂಗಿನ ತೋಟಗಳಿಗೆ ರೋಗ ಬಂದಾಗ ಎಷ್ಟು ಜನಕ್ಕೆ ಪರಿಹಾರ ಕೊಡಿಸಿದ್ದು, ಇಷ್ಟನ್ನು ಅದರಲ್ಲಿ ಬರೆಸಿ. ಜಗುಲಿಯ ಮೇಲೆ ಚಾಪೆ ಹಾಸಿ, ಕಾಫಿ ಕೊಟ್ಟು, ಕೂರಿಸಿ ಕೇಳುತ್ತೇವೆ. ಪಕ್ಕದ ಬೀದಿಯ ಮುಸ್ಲಿಮರನ್ನೂ, ಚರ್ಚಿನ ಹಿಂದಿನ ಮನೆಗಳವರನ್ನೂ, ದಲಿತ ಕೇರಿಯವರನ್ನೂ ಕರೆಯುತ್ತೇವೆ. ಅವರ ಪ್ರಶ್ನೆಗಳೂ ಇವೇ ಆಗಿರುತ್ತವೆ. ಬರುವ ದಿನವನ್ನು ತಾವೇ ಗೊತ್ತುಮಾಡಿ ತಿಳಿಸಿದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಧೇಯ,
ಹಾಸನ ಜಿಲ್ಲೆಯ ಒಬ್ಬ ಮತದಾರ